1ರಿಂದ 7, ಐದರ ಅಂತರ, ಹಿಂದಕ್ಕೆ ಎಣಿಕೆ: ಲೂಪ್ ಬಳಸಿ ಸಂಖ್ಯಾ ಸರಣಿ ಪ್ರಿಂಟ್ ಮಾಡೋದು ಹೆಂಗೆ

ದಾವಣಗೆರೆ, ಹರಿಹರ, ಹೊಳಲ್ಕೆರೆ, ಚಳ್ಳಕೆರೆ ಕಡೆಯಿಂದ ಪ್ರೋಗ್ರಾಮಿಂಗ್ ಹೊಸದಾಗಿ ಶುರು ಮಾಡಿರೋ ಹುಡುಗ್ರು ಹುಡುಗೀರು ನನಗೆ ಪದೇಪದೇ ಕೇಳೋದು ಒಂದೇ ಪ್ರಶ್ನೆ: 1ರಿಂದ 10 ಪ್ರಿಂಟ್ ಮಾಡೋದು ಬಾಯಿಪಾಠ ಆಗೈತೆ, ಆದ್ರೆ ಲ್ಯಾಬಲ್ಲಿ ಅದನ್ನೇ ಸ್ವಲ್ಪ ತಿರುಗಿಸಿ 2, 5, 8, 11 ಬರ್ಬೇಕು ಅಂದ್ರೆ, ಇಲ್ಲಾ 1, 3, 6, 10 ಬರ್ಬೇಕು ಅಂದ್ರೆ ಕೈ ನಿಂತುಬಿಡುತ್ತೆ, ಏನು ಮಾಡ್ಬೇಕು? ಒಬ್ಬೊಬ್ರಿಗೇ ಬಿಡಿಬಿಡಿಯಾಗಿ ಹೇಳೋ ಬದಲು ಎಲ್ಲಾನೂ ಒಂದೇ ಕಡೆ ಬರೆದಿದೀನಿ, ನಿಧಾನಕ್ಕೆ ಓದ್ಕೊಂಡು ಪಕ್ಕದಲ್ಲೇ ಟೈಪ್ ಮಾಡ್ತಾ ಹೋಗ್ರಿ.

ಇಂಥ ಲೆಕ್ಕ ಎಷ್ಟೇ ಬಗೆಯಲ್ಲಿ ಕೊಟ್ರೂ ಒಳಗೆ ಇರೋದು ಎರಡೇ ಜಾತಿ. ಒಂದ್ರಲ್ಲಿ ಎಷ್ಟನೇ ಸುತ್ತು (ಲೂಪ್ ಎಷ್ಟನೇ ಸಲ ತಿರುಗ್ತಾ ಐತೆ) ಅನ್ನೋದು ಗೊತ್ತಿದ್ರೆ ಸಾಕು, ಅದರಿಂದಲೇ ಸಂಖ್ಯೆ ಸಿಕ್ಕಿಬಿಡುತ್ತೆ. ಇನ್ನೊಂದ್ರಲ್ಲಿ ಹಿಂದಿನ ಸಂಖ್ಯೆ ಕೈಲಿದ್ರೇನೇ ಮುಂದಿನದು ಸಿಗೋದು. ಕೊಟ್ಟಿರೋ ಸರಣಿ ಈ ಎರಡರಲ್ಲಿ ಯಾವುದು ಅಂತ ಗುರುತು ಹಿಡಿದ್ರೆ ಮುಕ್ಕಾಲು ಕೆಲಸ ಮುಗೀತು, ಉಳಿದಿದ್ದು ಟೈಪಿಂಗ್ ಅಷ್ಟೆ.

ಏನೇನು ಬೇಕು

ಪೈಥಾನ್ 3 (ನಾವಿಲ್ಲಿ ಬಳಸೋ ಪ್ರೋಗ್ರಾಮಿಂಗ್ ಭಾಷೆ) ಇರೋ ಕಂಪ್ಯೂಟರ್ ಇದ್ರೆ ಒಳ್ಳೇದು, ಅದು ಪುಕ್ಕಟೆ ಸಿಗುತ್ತೆ, ವಿಂಡೋಸಲ್ಲಿ ಹಾಕ್ಕೊಂಡ್ರೆ ಜೊತೆಗೆ ಐಡಲ್ ಅನ್ನೋ ಎಡಿಟರ್ ಕೂಡ ಬರುತ್ತೆ. ಕಂಪ್ಯೂಟರ್ ಇಲ್ಲ ಅಂದ್ರೆ ಆಂಡ್ರಾಯ್ಡ್ ಫೋನಲ್ಲಿ ಪೈಡ್ರಾಯ್ಡ್ 3 ಆ್ಯಪ್ ಸಾಕು. ಒಂದು ನೋಟ್‌ಬುಕ್ಕು, ಪೆನ್ನು ಬೇಕೇ ಬೇಕು, ಇದನ್ನ ಬಿಡಬ್ಯಾಡ್ರಿ.

ಇಲ್ಲಿರೋ ಕೋಡ್ ಬಗ್ಗೆ ಒಂದು ಮಾತು. ಎಲ್ಲಾನೂ ಕನ್ನಡ ಅಕ್ಷರದಲ್ಲೇ, ಬಾಯಲ್ಲಿ ಓದೋ ಹಂಗೆ ಬರೆದಿದೀನಿ. ಫಾರ್, ಇನ್, ರೇಂಜ್, ಪ್ರಿಂಟ್, ಎಂಡ್, ವೈಲ್, ಇನ್‌ಪುಟ್, ಇಂಟ್ ಅನ್ನೋ ಎಂಟು ಪದಗಳನ್ನ ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲೇ ಹೊಡೀಬೇಕು, ಪೈಥಾನಿಗೆ ಅವು ಹಂಗೇ ಬೇಕು. ಉಳಿದಿದ್ದು, ಅಂದ್ರೆ ಸುತ್ತು, ದೂರ, ಮೊತ್ತ ಅನ್ನೋ ವೇರಿಯೇಬಲ್ ಹೆಸರುಗಳು (ವೇರಿಯೇಬಲ್ ಅಂದ್ರೆ ಒಂದು ಬೆಲೆಯನ್ನ ಇಟ್ಕೊಳ್ಳೋ ಹೆಸರು) ಕನ್ನಡದಲ್ಲೇ ಇದ್ರೂ ಪೈಥಾನ್ 3 ಒಪ್ಪುತ್ತೆ, ನಿಜವಾಗ್ಲೂ ಓಡುತ್ತೆ, ಟ್ರೈ ಮಾಡಿ ನೋಡ್ರಿ. ಪರೀಕ್ಷೆಯಲ್ಲಿ ಮಾತ್ರ ಇಂಗ್ಲಿಷ್ ಹೆಸರೇ ಇಡ್ರಿ. ಕೋಡಲ್ಲಿ ಕನ್ನಡ ಅಂಕಿ ನಡೆಯಲ್ಲ, 7 ಅಂತಲೇ ಬರೀಬೇಕು, ೭ ಅಂತ ಬರೆದ್ರೆ ಎರರ್.

ಫೋನಲ್ಲಿ ಬರೆಯೋರಿಗೆ: ಕೀಬೋರ್ಡು ಸಾಲಿನ ಮೊದಲ ಅಕ್ಷರವನ್ನ ತಾನೇ ದೊಡ್ಡಕ್ಷರ ಮಾಡಿಬಿಡುತ್ತೆ, ಆಗ ಪ್ರಿಂಟ್ ಅನ್ನೋದನ್ನ ಪೈಥಾನ್ ಗುರುತೇ ಹಿಡಿಯಲ್ಲ, ನೇಮ್‌ಎರರ್ ಅಂತ ಬರುತ್ತೆ. ಸೆಟ್ಟಿಂಗಲ್ಲಿ ಆಟೋ ಕ್ಯಾಪಿಟಲ್ ಆಫ್ ಮಾಡ್ಕೊಳ್ರಿ. ಹಂಗೇ ಪಿಡಿಎಫ್ ನೋಟ್ಸಿಂದ ಕಾಪಿ ಮಾಡಿದ್ರೆ ಉದ್ಧರಣ ಚಿಹ್ನೆ ಬಾಗಿರೋ ಥರದ್ದು ಬಂದು ಸಿಂಟ್ಯಾಕ್ಸ್‌ಎರರ್ ಕೊಡುತ್ತೆ, ಸಾಲಿನ ಮುಂದಿನ ಖಾಲಿ ಜಾಗನೂ ಹಾರಿಹೋಗುತ್ತೆ. ಕೈಯಾರೆ ಟೈಪ್ ಮಾಡ್ರಿ, ಕಲಿಯೋಕೂ ಅದೇ ಒಳ್ಳೇದು.

ಹಂತ 1: ಕೀಬೋರ್ಡ್ ಮುಟ್ಟೋಕೆ ಮುಂಚೆ ಪೇಪರ್

ಸರಣಿ ಕೊಟ್ಟ ತಕ್ಷಣ ನೋಟ್‌ಬುಕ್ಕಲ್ಲಿ ನಾಲ್ಕು ಉತ್ತರ ಬರ್ಕೊಳ್ರಿ: ಎಲ್ಲಿಂದ ಶುರು, ಎಲ್ಲಿಗೆ ನಿಲ್ಲಬೇಕು, ಒಂದರಿಂದ ಇನ್ನೊಂದಕ್ಕೆ ಎಷ್ಟು ಅಂತರ, ಒಂದೊಂದು ಸುತ್ತಲ್ಲೂ ಪ್ರಿಂಟ್ ಆಗೋದು ಏನು. ನಾಲ್ಕರಲ್ಲಿ ಒಂದಕ್ಕೆ ಉತ್ತರ ಇಲ್ಲ ಅಂದ್ರೂ ಕೋಡ್ ಶುರು ಮಾಡಬ್ಯಾಡ್ರಿ. ಜೊತೆಗೆ ಒಟ್ಟು ಎಷ್ಟು ಸಂಖ್ಯೆ ಬರ್ಬೇಕು ಅಂತ ಬೆರಳಲ್ಲಿ ಎಣಿಸಿ ಪಕ್ಕದಲ್ಲಿ ಬರೆದಿಡ್ರಿ, ಆಮೇಲೆ ಔಟ್‌ಪುಟ್ ಸರಿಯಾ ತಪ್ಪಾ ಅಂತ ತಾಳೆ ನೋಡೋಕೆ ಅದೇ ಆಧಾರ.

ಹಂತ 2: ಮೊದಲನೇ ಲೂಪ್

ಲೂಪ್ ಅಂದ್ರೆ ಒಂದೇ ಕೆಲಸವನ್ನ ಹೇಳಿದಷ್ಟು ಸಲ ತಿರುತಿರುಗಿ ಮಾಡ್ಸೋದು. ನಮ್ಮ ದುರ್ಗದ ಏಳು ಸುತ್ತಿನ ಕೋಟೆಯನ್ನೇ ತಗೊಳ್ಳಣ, 1ರಿಂದ 7ರವರೆಗೆ ಸುತ್ತಿನ ನಂಬರ್ ಪ್ರಿಂಟ್ ಆಗ್ಬೇಕು. ಶುರು 1, ಕೊನೆ 7, ಅಂತರ 1, ಒಟ್ಟು 7 ಸಂಖ್ಯೆ.

```
ಫಾರ್ ಸುತ್ತು ಇನ್ ರೇಂಜ್(1, 8):
    ಪ್ರಿಂಟ್(ಸುತ್ತು)
```

ಇದನ್ನ ಹಿಂಗೆ ಓದ್ರಿ: ಸುತ್ತು ಅನ್ನೋ ಹೆಸರಿಗೆ ಮೊದಲು 1 ಕೊಡು, ಒಳಗಿನ ಸಾಲು ಓಡ್ಸು, ಆಮೇಲೆ 2 ಕೊಡು, ಮತ್ತೆ ಓಡ್ಸು, ಹಿಂಗೇ 7ರವರೆಗೆ.

7 ಬೇಕು ಅಂದ್ರೆ 8 ಯಾಕೆ ಬರೆದ್ವಿ? ಇಲ್ಲೇ ಜಾಸ್ತಿ ಜನ ಎಡವೋದು. ರೇಂಜಿಗೆ ಕೊಡೋ ಎರಡನೇ ಸಂಖ್ಯೆ "ಇದು ಬಂದ್ರೆ ನಿಲ್ಲು" ಅಂತ, ಅದು ಪ್ರಿಂಟಲ್ಲಿ ಬರೋದೇ ಇಲ್ಲ. ರೇಂಜ್(1, 7) ಬರೆದ್ರೆ 6ಕ್ಕೇ ಮುಗಿಯುತ್ತೆ, ಏಳನೇ ಸುತ್ತೇ ಇರಲ್ಲ. ಮತ್ತೆ ಬರೀ ರೇಂಜ್(7) ಅಂತ ಬರೆದ್ರೆ 0ಯಿಂದ ಶುರುವಾಗಿ 6ಕ್ಕೆ ನಿಲ್ಲುತ್ತೆ. ಅದರಲ್ಲೂ ಏಳು ಸಂಖ್ಯೆ ಇರ್ತಾವೆ ಆದ್ರೆ ನಮಗೆ ಬೇಕಾದ ಏಳಲ್ಲ, ಅದಕ್ಕೇ ಎಣಿಕೆ ಒಂದನ್ನೇ ನೋಡಿ ಸರಿ ಅನ್ಕೊಬ್ಯಾಡ್ರಿ, ಮೊದಲನೇದು ಕೊನೇದು ಎರಡನ್ನೂ ನೋಡ್ರಿ.

ಇನ್ನೆರಡು ವಿಷಯ. ಮೊದಲ ಸಾಲಿನ ಕೊನೇಲಿ ಎರಡು ಚುಕ್ಕಿಯ ಕೋಲನ್ ಕಡ್ಡಾಯ. ಎರಡನೇ ಸಾಲಿನ ಮುಂದೆ ನಾಲ್ಕು ಸ್ಪೇಸ್ ಜಾಗ ಬಿಟ್ಟಿದೀವಲ್ಲ, ಅದಕ್ಕೆ ಇಂಡೆಂಟೇಶನ್ ಅಂತಾರೆ, ಯಾವ ಸಾಲು ಲೂಪಿನ ಒಳಗೆ ಯಾವುದು ಹೊರಗೆ ಅಂತ ಪೈಥಾನ್ ತಿಳ್ಕೊಳ್ಳೋದು ಅದರಿಂದಲೇ. ಒಂದು ಸಾಲಿಗೆ ಟ್ಯಾಬ್, ಇನ್ನೊಂದಕ್ಕೆ ಸ್ಪೇಸ್ ಅಂತ ಬೆರೆಸಿದ್ರೆ ಕಣ್ಣಿಗೆ ಒಂದೇ ಥರ ಕಂಡ್ರೂ ಎರರ್ ಬರುತ್ತೆ, ಒಂದನ್ನೇ ಹಿಡ್ಕೊಳ್ರಿ.

ಹಂತ 3: ಅಂತರ ಬದಲಾಯಿಸೋದು, ಹಿಂದಕ್ಕೆ ಎಣಿಸೋದು

ರೇಂಜಿಗೆ ಮೂರನೇ ಸಂಖ್ಯೆ ಕೊಟ್ರೆ ಅದು ಅಂತರ, ಇಂಗ್ಲಿಷಲ್ಲಿ ಸ್ಟೆಪ್ ಅಂತಾರೆ. ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿ 48ರಲ್ಲಿ, ನಮ್ಮ ಕಡೆ ಹಳೇ ಎನ್‌ಎಚ್ 4 ಅಂತೀವಲ್ಲ ಅದರಲ್ಲಿ, ಸುಮಾರು 60 ಕಿಲೋಮೀಟರ್. ಲೆಕ್ಕಕ್ಕೆ ಸರಿಯಾಗಿ 60 ಅಂತಲೇ ಇಟ್ಕೊಂಡು ಐದೈದು ಕಿಲೋಮೀಟರಿಗೆ ಒಂದು ಸಂಖ್ಯೆ ಪ್ರಿಂಟ್ ಮಾಡಣ.

```
ಫಾರ್ ದೂರ ಇನ್ ರೇಂಜ್(0, 61, 5):
    ಪ್ರಿಂಟ್(ದೂರ)
```

0, 5, 10, ಹಿಂಗೆ 60ರವರೆಗೆ. ಎಷ್ಟು ಸಂಖ್ಯೆ ಬರುತ್ತೆ? 60ನ್ನ 5ರಿಂದ ಭಾಗಿಸಿ 12 ಅಂತ ಬಾಯಿಗೆ ಬರುತ್ತೆ, ಆದ್ರೆ ಬರೋದು 13, ಯಾಕಂದ್ರೆ ಹೊರಟ ಜಾಗದ 0 ಕೂಡ ಒಂದು. ಅಂತರಗಳು 12, ಸಂಖ್ಯೆಗಳು 13. ಪರೀಕ್ಷೆಯಲ್ಲಿ "ಲೂಪ್ ಎಷ್ಟು ಸಲ ಓಡುತ್ತೆ" ಅಂತ ಒಂದು ಮಾರ್ಕಿನ ಪ್ರಶ್ನೆ ಬರೋದು ಇಂಥ ಜಾಗದಲ್ಲೇ. ಕೊನೇಲಿ 61 ಬರೆದ್ರೂ 65 ಬರೆದ್ರೂ ಇಲ್ಲಿ ಒಂದೇ ಉತ್ತರ, ಎರಡೂ 60 ದಾಟಿ ಮುಂದಿನ 65 ಬರೋಕೆ ಮುಂಚೆ ನಿಲ್ಲುತ್ವೆ. ನಾನಂತೂ ಬೇಕಾದ ಕೊನೆಗೆ 1 ಕೂಡ್ಸಿ ಬರೆಯೋದೇ ರೂಢಿ ಮಾಡ್ಕೊಳ್ರಿ ಅಂತೀನಿ, ನೋಡಿದ ತಕ್ಷಣ 60ರವರೆಗೆ ಅಂತ ಗೊತ್ತಾಗುತ್ತೆ.

ವಾಪಸ್ ಬರೋ ದಾರಿಗೆ, ಅಂದ್ರೆ 60ರಿಂದ 0ಗೆ:

```
ಫಾರ್ ದೂರ ಇನ್ ರೇಂಜ್(60, -1, -5):
    ಪ್ರಿಂಟ್(ದೂರ)
```

ಇಲ್ಲಿ ಅಂತರ ಮೈನಸ್. ಕೊನೇದು ಈಗ ಒಂದು ಕಮ್ಮಿ, 0 ಬೇಕು ಅಂತ −1 ಬರೆದ್ವಿ. ಮೈನಸ್ 5 ಹಾಕೋದು ಮರೆತು ರೇಂಜ್(60, -1) ಅಂತ ಬಿಟ್ರೆ ಎರರೂ ಬರಲ್ಲ, ಔಟ್‌ಪುಟ್ಟೂ ಬರಲ್ಲ, ಸ್ಕ್ರೀನ್ ಖಾಲಿ. ಏನೂ ಬರದೇ ಇದ್ರೆ ಕಂಪ್ಯೂಟರ್ ಕೆಟ್ಟೈತೆ ಅನ್ಕೊಳ್ಳೋಕೆ ಮುಂಚೆ ಮೊದಲು ಅಂತರದ ಚಿಹ್ನೆ ನೋಡ್ರಿ.

ಅಂತರ 0.1 ಕೊಡೋಣ ಅಂದ್ರೆ ರೇಂಜ್ ಒಪ್ಪಲ್ಲ, ಪೂರ್ಣ ಸಂಖ್ಯೆನೇ ಬೇಕು. 0, 0.1, 0.2 ಹಿಂಗೆ ಬೇಕಾದ್ರೆ 0ಯಿಂದ 10ರವರೆಗೆ ಲೂಪ್ ಓಡ್ಸಿ ಪ್ರಿಂಟ್ ಮಾಡುವಾಗ 10ರಿಂದ ಭಾಗಿಸ್ರಿ. ಸುತ್ತುಸುತ್ತಿಗೂ 0.1 ಕೂಡ್ಸ್ತಾ ಹೋದ್ರೆ ಮೂರನೇ ಸಲಕ್ಕೇ 0.3 ಬದಲು 0.30000000000000004 ಅಂತ ಬರುತ್ತೆ, ಕಂಪ್ಯೂಟರ್ ಒಳಗೆ ದಶಾಂಶವನ್ನ ಎರಡರ ಲೆಕ್ಕದಲ್ಲಿ ಇಟ್ಕೊಳ್ಳೋದ್ರಿಂದ 0.1 ಅಲ್ಲಿ ಪೂರ್ತಿ ಸರಿಯಾಗಿ ಕೂರಲ್ಲ.

ಹಂತ 4: ಒಂದೇ ಸಾಲಲ್ಲಿ ಬರ್ಬೇಕು ಅಂದ್ರೆ

ಪ್ರಿಂಟ್ ಪ್ರತಿ ಸಲ ಕೊನೇಲಿ ಹೊಸ ಸಾಲಿಗೆ ಹೋಗುತ್ತೆ. ಅದನ್ನ ತಡೆಯೋಕೆ ಎಂಡ್:

```
ಫಾರ್ ಸುತ್ತು ಇನ್ ರೇಂಜ್(1, 8):
    ಪ್ರಿಂಟ್(ಸುತ್ತು, ಎಂಡ್=" ")
```

ಕಾಮಾ ಬೇಕು, ಆದ್ರೆ ಕೊನೇ 7ರ ಮುಂದೆ ಕಾಮಾ ಇರಬಾರದು ಅಂದ್ರೆ ಮೊದಲನೇ ಸಂಖ್ಯೆಯನ್ನ ಲೂಪಿನ ಹೊರಗೇ ಪ್ರಿಂಟ್ ಮಾಡಿ, ಉಳಿದದ್ದಕ್ಕೆ ಕಾಮಾ ಮೊದಲು ಸಂಖ್ಯೆ ಆಮೇಲೆ:

```
ಪ್ರಿಂಟ್(1, ಎಂಡ್="")
ಫಾರ್ ಸುತ್ತು ಇನ್ ರೇಂಜ್(2, 8):
    ಪ್ರಿಂಟ್(",", ಸುತ್ತು, ಎಂಡ್="")
```

ಹಂತ 5: ಸುತ್ತಿನ ನಂಬರಿಂದಲೇ ಸಂಖ್ಯೆ ಹುಟ್ಟಿಸೋದು

ಈಗ ಮೊದಲನೇ ಜಾತಿ. 1, 4, 9, 16, 25 ಕೊಟ್ಟಿದಾರೆ ಅಂದ್ರೆ ಅಂತರ ಒಂದೇ ಇಲ್ಲ, 3, 5, 7, 9 ಅಂತ ಬದಲಾಗ್ತಾ ಐತೆ, ರೇಂಜಿನ ಮೂರನೇ ಸಂಖ್ಯೆಯಿಂದ ಇದು ಆಗಲ್ಲ. ಆದ್ರೆ ಎರಡನೇ ಸಂಖ್ಯೆ 2×2, ಮೂರನೇದು 3×3. ಎಷ್ಟನೇದು ಅಂತ ಗೊತ್ತಿದ್ರೆ ಸಾಕು.

```
ಫಾರ್ ಎಣಿಕೆ ಇನ್ ರೇಂಜ್(1, 6):
    ಪ್ರಿಂಟ್(ಎಣಿಕೆ * ಎಣಿಕೆ)
```

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ ಎಣಿಸೋ ಸಂಖ್ಯೆ ಬೇರೆ, ಪ್ರಿಂಟ್ ಆಗೋ ಸಂಖ್ಯೆ ಬೇರೆ. ಎರಡೂ ಒಂದೇ ಇರ್ಬೇಕು ಅನ್ನೋ ಭಾವನೆ 1ರಿಂದ 10 ಪ್ರೋಗ್ರಾಮಿಂದ ತಲೇಲಿ ಕೂತಿರುತ್ತೆ, 25ರವರೆಗೆ ಬರ್ಬೇಕು ಅಂತ ರೇಂಜಲ್ಲಿ 26 ಬರೆದು ಆಮೇಲೆ 625ರವರೆಗೆ ಬಂತು ಯಾಕೆ ಅಂತ ಕೇಳ್ತಾರೆ. ರೇಂಜಲ್ಲಿ ಬರೆಯೋದು ಎಷ್ಟು ಸಲ ಅನ್ನೋದು, ಪ್ರಿಂಟಲ್ಲಿ ಬರೆಯೋದು ಏನು ಅನ್ನೋದು.

2, 5, 8, 11 ಕೂಡ ಹಂಗೇ ಮಾಡಬಹುದು. ಮೂರರ ಮಗ್ಗಿ 3, 6, 9, 12 ಪಕ್ಕದಲ್ಲಿ ಬರೆದು ನೋಡ್ರಿ, ಎಲ್ಲಾದ್ರಲ್ಲೂ ಒಂದೊಂದು ಕಮ್ಮಿ, ಅಂದ್ರೆ 3 * ಎಣಿಕೆ - 1. ಅಂತರ ಒಂದೇ ಥರ ಇದ್ರೆ ಆ ಅಂತರದ ಮಗ್ಗಿಯ ಪಕ್ಕ ಇಟ್ಟು ನೋಡೋದು, ಇದು ಯಾವಾಗ್ಲೂ ಕೈ ಹಿಡಿಯೋ ಉಪಾಯ.

ಹಂತ 6: ಹಿಂದಿನದನ್ನ ಕೈಲಿಟ್ಕೊಂಡು ಮುಂದಕ್ಕೆ ಹೋಗೋದು

ಇದು ಎರಡನೇ ಜಾತಿ, ಜಾಸ್ತಿ ಹೊತ್ತು ಕೊಡಬೇಕಾಗಿರೋದು ಇದಕ್ಕೇ. 1, 3, 6, 10, 15 ನೋಡ್ರಿ. 1ಕ್ಕೆ 2 ಕೂಡಿದ್ರೆ 3, ಅದಕ್ಕೆ 3 ಕೂಡಿದ್ರೆ 6, ಅದಕ್ಕೆ 4 ಕೂಡಿದ್ರೆ 10. ಹಿಂದಿನ ಮೊತ್ತ ನೆನಪಿಟ್ಕೊಳ್ಳೋಕೆ ಒಂದು ವೇರಿಯೇಬಲ್ ಬೇಕು.

```
ಮೊತ್ತ = 0
ಫಾರ್ ಎಣಿಕೆ ಇನ್ ರೇಂಜ್(1, 6):
    ಮೊತ್ತ = ಮೊತ್ತ + ಎಣಿಕೆ
    ಪ್ರಿಂಟ್(ಮೊತ್ತ)
```

ಮೂರನೇ ಸಾಲಲ್ಲಿರೋ ಸಮ ಚಿಹ್ನೆ ಗಣಿತದ ಸಮ ಅಲ್ಲ. ಬಲಗಡೆ ಲೆಕ್ಕ ಮಾಡಿ ಬಂದಿದ್ದನ್ನ ಎಡಗಡೆ ಹೆಸರಿಗೆ ಹಾಕು ಅಂತ ಅರ್ಥ, ಹಳೇದು ಅಳಿಸಿಹೋಗುತ್ತೆ.

ಇದೇ ಪ್ರೋಗ್ರಾಮಲ್ಲಿ ಎರಡು ತಪ್ಪು ತುಂಬಾ ಕಾಣುತ್ತೆ. ಮೊತ್ತ = 0 ಅನ್ನೋದನ್ನ ಲೂಪಿನ ಒಳಗೆ ಬರೆದ್ರೆ ಪ್ರತಿ ಸುತ್ತಲ್ಲೂ ಮೊತ್ತ ಸೊನ್ನೆಗೆ ಹೋಗಿ 1, 2, 3, 4, 5 ಅಂತ ಬರುತ್ತೆ. ಪ್ರಿಂಟ್ ಸಾಲನ್ನ ಎಡಕ್ಕೆ ತಳ್ಳಿ ಲೂಪಿನ ಹೊರಗೆ ಇಟ್ರೆ ಕೊನೇ 15 ಒಂದೇ ಬರುತ್ತೆ. ಔಟ್‌ಪುಟ್ ನೋಡೇ ತಪ್ಪು ಎಲ್ಲೈತೆ ಅಂತ ಹೇಳಬಹುದು, ಇದನ್ನ ಬೇಕಂತಲೇ ತಪ್ಪು ಮಾಡಿ ಒಂದ್ಸಲ ನೋಡ್ಕೊಳ್ರಿ.

ಅರ್ಥ ಆಗಲಿಲ್ಲ ಅಂದ್ರೆ ಡ್ರೈ ರನ್ ಮಾಡ್ರಿ, ಅಂದ್ರೆ ಕಂಪ್ಯೂಟರ್ ಇಲ್ಲದೆ ಪೇಪರ್ ಮೇಲೆ ನೀವೇ ಸಾಲುಸಾಲಾಗಿ ಓಡ್ಸೋದು:

ಎಣಿಕೆ 1, ಮೊತ್ತ 0 + 1 = 1
ಎಣಿಕೆ 2, ಮೊತ್ತ 1 + 2 = 3
ಎಣಿಕೆ 3, ಮೊತ್ತ 3 + 3 = 6

ಮೂರು ಸುತ್ತು ಬರೆದ್ರೆ ಸಾಕು, ತಪ್ಪು ಇದ್ರೆ ಅಷ್ಟರಲ್ಲೇ ಸಿಕ್ಕಿಬೀಳುತ್ತೆ.

ಈಗ ಎಲ್ಲಾ ಕಡೆ ಕೊಡೋ ಫಿಬೊನಾಚಿ ಸರಣಿ, ಹಿಂದಿನ ಎರಡನ್ನ ಕೂಡಿದ್ರೆ ಮುಂದಿನದು. ಮೊಲದ ಕಥೆ ಹೇಳಿ ಇದನ್ನ ಕಲಿಸ್ತಾರೆ, ಆದ್ರೆ ಕನ್ನಡ ಓದಿದ ನಮಗೆ ಇದಕ್ಕಿಂತ ಹತ್ತಿರದ ದಾರಿ ಐತೆ. ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಲ್ಲ, ಲಘುವಿಗೆ 1 ಮಾತ್ರೆ, ಗುರುವಿಗೆ 2 ಮಾತ್ರೆ. ಮೂರು ಮಾತ್ರೆಯ ಗಣ ಎಷ್ಟು ಥರ ಬರಬಹುದು? ಲಘು-ಲಘು-ಲಘು, ಗುರು-ಲಘು, ಲಘು-ಗುರು, ಒಟ್ಟು 3. ನಾಲ್ಕು ಮಾತ್ರೆಗೆ? ಕೊನೇ ಅಕ್ಷರ ಲಘು ಆದ್ರೆ ಅದರ ಹಿಂದೆ 3 ಮಾತ್ರೆ ಉಳಿಯುತ್ತೆ, ಅದಕ್ಕೆ 3 ಥರ. ಕೊನೇ ಅಕ್ಷರ ಗುರು ಆದ್ರೆ ಹಿಂದೆ 2 ಮಾತ್ರೆ, ಅದಕ್ಕೆ 2 ಥರ. ಕೂಡಿದ್ರೆ 5. ಭಾಮಿನಿ ಷಟ್ಪದಿಯಲ್ಲಿ 3, 4, 3, 4 ಅಂತ ಗಣ ಹಾಕ್ತೀವಲ್ಲ, ಅದೇ ಗಣಗಳ ಲೆಕ್ಕ ಇದು. 1, 2, 3, 5, 8, 13 ಅಂತ ಬೆಳೆಯುತ್ತೆ. ಇಟಲಿಯ ಫಿಬೊನಾಚಿ 1202ರಲ್ಲಿ ಬರೆಯೋಕೂ ಮುಂಚೆ, ಛಂದಸ್ಸಿನ ಲೆಕ್ಕದಲ್ಲಿ ಹಳೇ ಕಾಲದ ಛಂದಸ್ಸಿನ ಪಂಡಿತ ವಿರಹಾಂಕ, ಆಮೇಲೆ 12ನೇ ಶತಮಾನದ ಜೈನ ಪಂಡಿತ ಹೇಮಚಂದ್ರ ಇದೇ ನಿಯಮವನ್ನ ಹೇಳಿದ್ರು. ಈ ದಾರಿಯಲ್ಲಿ ಹೋದ್ರೆ ಯಾಕೆ ಎರಡನ್ನ ಕೂಡ್ಬೇಕು ಅನ್ನೋದು ಗೊತ್ತಾಗುತ್ತೆ, ಬಾಯಿಪಾಠ ಬೇಕಾಗಲ್ಲ.

```
ಈಗಿನದು = 1
ಮುಂದಿನದು = 2
ಫಾರ್ ಎಣಿಕೆ ಇನ್ ರೇಂಜ್(1, 8):
    ಪ್ರಿಂಟ್(ಈಗಿನದು)
    ಈಗಿನದು, ಮುಂದಿನದು = ಮುಂದಿನದು, ಈಗಿನದು + ಮುಂದಿನದು
```

1, 2, 3, 5, 8, 13, 21 ಬರುತ್ತೆ. ಕೊನೇ ಸಾಲನ್ನ ಒಡೆದು ಎರಡು ಸಾಲು ಮಾಡಬ್ಯಾಡ್ರಿ. ಮೊದಲು ಈಗಿನದು = ಮುಂದಿನದು, ಕೆಳಗೆ ಮುಂದಿನದು = ಈಗಿನದು + ಮುಂದಿನದು ಅಂತ ಬರೆದ್ರೆ, ಎರಡನೇದು ಓಡೋ ಹೊತ್ತಿಗೆ ಈಗಿನದರ ಹಳೇ ಬೆಲೆ ಹೋಗಿರುತ್ತೆ, 1, 2, 4, 8, 16 ಅಂತ ದುಪ್ಪಟ್ಟಾಗ್ತಾ ಹೋಗುತ್ತೆ. ಮೊದಲ ಎರಡು ಸಂಖ್ಯೆ ಸರಿ ಬರೋದ್ರಿಂದ ತುಂಬಾ ಜನ ಗಮನಿಸಲ್ಲ. ಒಂದೇ ಸಾಲಲ್ಲಿ ಬರೆದ್ರೆ ಪೈಥಾನ್ ಬಲಗಡೆಯ ಎರಡೂ ಲೆಕ್ಕ ಮುಗಿಸಿ ಆಮೇಲೆ ಎಡಕ್ಕೆ ಹಾಕುತ್ತೆ. ನಿಮ್ಮ ಲ್ಯಾಬಲ್ಲಿ 0, 1, 1, 2ರಿಂದ ಶುರು ಮಾಡು ಅಂದಿದ್ರೆ ಮೇಲಿನ ಎರಡು ಸಾಲಲ್ಲಿ 0 ಮತ್ತು 1 ಇಡ್ರಿ, ಉಳಿದಿದ್ದು ಹಂಗೇ.

ಹಂತ 7: ಎಷ್ಟು ಸಲ ಅಂತ ಗೊತ್ತಿಲ್ಲದಿದ್ರೆ ವೈಲ್

"1000 ದಾಟೋವರೆಗೆ 1, 2, 4, 8 ಪ್ರಿಂಟ್ ಮಾಡು" ಅಂದ್ರೆ ಎಷ್ಟು ಸಂಖ್ಯೆ ಅಂತ ಮೊದಲೇ ಹೇಳೋಕಾಗಲ್ಲ. ಆಗ ವೈಲ್, ಅಂದ್ರೆ ಷರತ್ತು ನಿಜ ಇರೋವರೆಗೂ ತಿರುಗು ಅಂತ.

```
ಸಂಖ್ಯೆ = 1
ವೈಲ್ ಸಂಖ್ಯೆ < 1000:
    ಪ್ರಿಂಟ್(ಸಂಖ್ಯೆ)
    ಸಂಖ್ಯೆ = ಸಂಖ್ಯೆ * 2
```

ಕೊನೇದು 512. ಕೊನೇ ಸಾಲು ಮರೆತ್ರೆ ಸಂಖ್ಯೆ ಯಾವಾಗ್ಲೂ 1, ಷರತ್ತು ಯಾವಾಗ್ಲೂ ನಿಜ, ಸ್ಕ್ರೀನ್ ತುಂಬಾ 1 ಓಡ್ತಾನೇ ಇರುತ್ತೆ, ಇದಕ್ಕೆ ಇನ್‌ಫೈನೈಟ್ ಲೂಪ್ ಅಂತಾರೆ. ಹೆದರಬ್ಯಾಡ್ರಿ, ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದ್ರೆ ನಿಲ್ಲುತ್ತೆ. ಫಾರಲ್ಲಿ ಈ ತೊಂದ್ರೆ ಇಲ್ಲ, ಅದಕ್ಕೇ ಎಷ್ಟು ಸಲ ಅಂತ ಗೊತ್ತಿದ್ದಾಗ ಫಾರ್ ಬಿಟ್ಟು ವೈಲ್ ಕಡೆ ಹೋಗಬ್ಯಾಡ್ರಿ ಅಂತ ನಾನು ಹೇಳೋದು.

ಹಂತ 8: ಎಷ್ಟು ಬೇಕು ಅಂತ ಓಡ್ಸೋರನ್ನೇ ಕೇಳೋದು

```
ಕೊನೆ = ಇಂಟ್(ಇನ್‌ಪುಟ್("ಎಷ್ಟರವರೆಗೆ? "))
ಫಾರ್ ಸುತ್ತು ಇನ್ ರೇಂಜ್(1, ಕೊನೆ + 1):
    ಪ್ರಿಂಟ್(ಸುತ್ತು)
```

ಇನ್‌ಪುಟ್ ತರೋದು ಅಕ್ಷರದ ರೂಪದಲ್ಲಿ, 7 ಒತ್ತಿದ್ರೂ ಅದು ಬರಹದ 7. ಇಂಟ್ ಹಾಕಿದ್ರೇನೇ ಲೆಕ್ಕದ ಸಂಖ್ಯೆ ಆಗೋದು, ಮರೆತ್ರೆ ಟೈಪ್‌ಎರರ್. ಕೋಡಲ್ಲಿ ಕನ್ನಡ ಅಂಕಿ ನಡೆಯಲ್ಲ ಅಂದೆ, ಆದ್ರೆ ಇಲ್ಲಿ ಓಡ್ಸೋರು ೭ ಅಂತ ಒತ್ತಿದ್ರೂ ಇಂಟ್ ಅದನ್ನ 7 ಅಂತಲೇ ತಗೊಳುತ್ತೆ. ಮನೇಲಿ ದೊಡ್ಡೋರಿಗೆ ಓಡ್ಸೋಕೆ ಕೊಟ್ಟು ನೋಡ್ರಿ, ಖುಷಿಪಡ್ತಾರೆ.

ಸಿ ಭಾಷೆಯಲ್ಲಿ ಮಾಡೋರಿಗೆ

ಪೇಪರಿನ ನಾಲ್ಕು ಉತ್ತರ ಅವೇ, ಬರೆಯೋ ರೀತಿ ಬೇರೆ. ಫಾರಿನ ಕಂಸದ ಒಳಗೆ ಶುರು, ಷರತ್ತು, ಬದಲಾವಣೆ ಮೂರನ್ನೂ ಸೆಮಿಕೋಲನ್ ಹಾಕಿ ಬರೀತೀವಿ: ಐ = 1; ಐ <= 7; ಐ++ (ಐ++ ಅಂದ್ರೆ ಐಗೆ 1 ಕೂಡ್ಸು). ಇಲ್ಲಿ <= ಹಾಕಿದ್ರೆ 7 ಸೇರುತ್ತೆ, ಬರೀ < ಹಾಕಿದ್ರೆ 6ಕ್ಕೆ ನಿಲ್ಲುತ್ತೆ, ಪೈಥಾನಿನ ಒಂದು ಜಾಸ್ತಿ ಬರೆಯೋ ಲೆಕ್ಕವನ್ನ ಇಲ್ಲಿಗೆ ತರಬ್ಯಾಡ್ರಿ. ದೊಡ್ಡ ಗುಂಡಿ ಅಂದ್ರೆ ಆ ಕಂಸ ಮುಚ್ಚಿದ ತಕ್ಷಣ ಕೈತಪ್ಪಿ ಸೆಮಿಕೋಲನ್ ಬೀಳೋದು. ಆಗ ಲೂಪ್ ಸುಮ್ನೆ ಏಳು ಸಲ ಖಾಲಿ ತಿರುಗಿ ಮುಗಿದು, ಕೆಳಗಿನ ಪ್ರಿಂಟ್ ಒಂದೇ ಸಲ ಓಡಿ 8 ಅಂತ ಬರುತ್ತೆ (ಐ ಅನ್ನ ಲೂಪಿನ ಮೇಲೇ ಘೋಷಿಸಿದ್ರೆ). ಒಂದೇ ಒಂದು 8 ಕಂಡ್ರೆ ಬೇರೆಲ್ಲೂ ಹುಡುಕಬ್ಯಾಡ್ರಿ, ಆ ಸೆಮಿಕೋಲನ್ ತೆಗೀರಿ.

ಅಭ್ಯಾಸಕ್ಕೆ

ಮೊದಲು ಯಾವ ಜಾತಿ ಅಂತ ಪಕ್ಕದಲ್ಲಿ ಬರೆದು ಆಮೇಲೆ ಕೋಡ್ ಮಾಡ್ರಿ.

100, 90, 80, ಕೊನೆಗೆ 10. ಹತ್ತು ಸಂಖ್ಯೆ ಬರ್ಬೇಕು, ಒಂಬತ್ತು ಬಂದ್ರೆ ಕೊನೇ 10 ಬಿಟ್ಟುಹೋಗೈತೆ.

1951ರಿಂದ 2011ರವರೆಗೆ ಜನಗಣತಿ ನಡೆದ ವರ್ಷಗಳು, ಹತ್ತತ್ತು ವರ್ಷಕ್ಕೆ. ಏಳು ಬರ್ಬೇಕು.

1, 2, 4, 7, 11, 16. ಇದನ್ನ 1, 2, 4, 8 ಅನ್ಕೊಂಡು ದುಪ್ಪಟ್ಟು ಮಾಡಬ್ಯಾಡ್ರಿ, ಅಂತರಗಳನ್ನ ಕೆಳಗೆ ಬರೆದು ನೋಡ್ರಿ.

1, 11, 111, 1111. ಹಿಂದಿನದನ್ನ 10ರಿಂದ ಗುಣಿಸಿ 1 ಕೂಡೋದು. ಇದನ್ನ ಎರಡು ಥರ ಬರೀರಿ: ಶುರು 1 ಇಟ್ಟು ಪ್ರಿಂಟ್ ಮೊದಲು ಬದಲಾವಣೆ ಆಮೇಲೆ, ಇನ್ನೊಂದು ಶುರು 0 ಇಟ್ಟು ಬದಲಾವಣೆ ಮೊದಲು ಪ್ರಿಂಟ್ ಆಮೇಲೆ. ಎರಡಕ್ಕೂ ಒಂದೇ ಔಟ್‌ಪುಟ್ ಬಂದ್ರೆ ಸರಿ, ಬರಲಿಲ್ಲ ಅಂದ್ರೆ ಎರಡನ್ನೂ ಅಕ್ಕಪಕ್ಕ ಇಟ್ಟು ಮೂರು ಸುತ್ತು ಡ್ರೈ ರನ್ ಮಾಡ್ರಿ.